ಪರದೆ ಇಲ್ಲಿ, ಗಣಕಯಂತ್ರ ಅಲ್ಲಿ

ಕೇಳುಗ ಬಂಧುಗಳಿಗೆ ನಮಸ್ಕಾರ.

ಹುಬ್ಬಳ್ಳಿಯ ಕಚೇರಿಯೊಂದರಲ್ಲಿ ನೌಕರರ ಮೇಜಿನ ಮೇಲೆ ಪರದೆ, ಕೀಲಿಮಣೆ ಮತ್ತು ಮೌಸ್‌ಗಳ ಜೊತೆಗೆ ಅಂಗೈಯಗಲದ ಒಂದು ಚಿಕ್ಕ ಡಬ್ಬಿ ಮಾತ್ರ ಇರುತ್ತದೆ. ಆ ಡಬ್ಬಿಗೆ ಥಿನ್ ಕ್ಲೈಂಟ್ ಎಂದು ಹೆಸರು. ನೌಕರರು ದಿನವಿಡೀ ಕೆಲಸ ಮಾಡುವ ವಿಂಡೋಸ್ ಮಾತ್ರ ಅದರೊಳಗೆ ಇರುವುದೇ ಇಲ್ಲ. ಅದು ಕಟ್ಟಡದ ಹಿಂಬದಿಯಲ್ಲಿ, ಹಗಲು ರಾತ್ರಿ ಎ.ಸಿ. ಓಡುವ ಕೋಣೆಯ ಸರ್ವರಿನಲ್ಲಿರುತ್ತದೆ. ವರ್ಚುವಲ್ ಡೆಸ್ಕ್‌ಟಾಪ್ ಎನ್ನುವುದು ಇದಕ್ಕೇ. ಇಂಥದೊಂದು ವ್ಯವಸ್ಥೆಯನ್ನು ನೋಡಿಕೊಳ್ಳುವುದು ನನ್ನ ನಿತ್ಯದ ಕೆಲಸವಾದ್ದರಿಂದ, ಅದರ ಅಂಗಗಳು ಒಂದರ ಕೈಯಿಂದ ಇನ್ನೊಂದರ ಕೈಗೆ ಕೆಲಸವನ್ನು ಹೇಗೆ ದಾಟಿಸುತ್ತವೆ ಎಂಬುದನ್ನು, 1989ರಲ್ಲಿ ಅಮೆರಿಕದಲ್ಲಿ ಆರಂಭವಾದ ಸಿಟ್ರಿಕ್ಸ್ ಕಂಪನಿಯ ವ್ಯವಸ್ಥೆಯನ್ನೇ ಮುಂದಿಟ್ಟುಕೊಂಡು ಹೇಳಲು ಬಯಸುತ್ತೇನೆ.

ನೌಕರರು ಮೊದಲು ಕಾಣುವುದು ಸ್ಟೋರ್‌ಫ್ರಂಟ್ ಎಂಬ ಬಾಗಿಲನ್ನು. ಅಲ್ಲಿ ಕೊಟ್ಟ ಹೆಸರು ಮತ್ತು ಪಾಸ್‌ವರ್ಡ್ ಸರಿಯಿವೆಯೇ ಎಂದು ಪರೀಕ್ಷಿಸುವುದು ಆಕ್ಟಿವ್ ಡೈರೆಕ್ಟರಿ, ಅಂದರೆ ಕಚೇರಿಯ ಬಳಕೆದಾರರ ಮತ್ತು ಗಣಕಗಳ ದಾಖಲೆ ಪುಸ್ತಕ. ಅದು ಒಪ್ಪಿದ ಮೇಲೆ ಸ್ಟೋರ್‌ಫ್ರಂಟ್, ಈ ವ್ಯಕ್ತಿಗೆ ಏನೇನು ಸಲ್ಲುತ್ತದೆ ಎಂದು ಡೆಲಿವರಿ ಕಂಟ್ರೋಲರನ್ನು ಕೇಳುತ್ತದೆ. ಕಂಟ್ರೋಲರ್ ತನ್ನ ಡೇಟಾಬೇಸನ್ನು ನೋಡಿ ಉತ್ತರ ಕೊಡುತ್ತದೆ. ಪರದೆಯ ಮೇಲೆ ಡೆಸ್ಕ್‌ಟಾಪಿನ ಚಿತ್ರ ಮೂಡುವುದು ಆಗ. ಚಿತ್ರವನ್ನು ಒತ್ತಿದಾಗ ಕಂಟ್ರೋಲರ್ ಬಿಡುವಾಗಿರುವ ಯಂತ್ರವೊಂದನ್ನು, ಅಂದರೆ ಸರ್ವರಿನೊಳಗೆ ತಂತ್ರಾಂಶವೇ ರೂಪಿಸಿದ ಗಣಕವೊಂದನ್ನು, ಆರಿಸುತ್ತದೆ. ಆ ಯಂತ್ರ ಆರಿಹೋಗಿದ್ದರೆ ಅದನ್ನು ಚಾಲು ಮಾಡುವಂತೆ, ಇಂಥ ಯಂತ್ರಗಳನ್ನು ಸರ್ವರಿನಲ್ಲಿ ನಡೆಸುವ ಹೈಪರ್‌ವೈಸರಿಗೆ ಹೇಳಿ, ಯಂತ್ರದೊಳಗಿದ್ದು ಕಂಟ್ರೋಲರ್ ಹಾಗೂ ಡಬ್ಬಿಯ ಜೊತೆ ವ್ಯವಹರಿಸುವ ವಿಡಿಎ ಎಂಬ ಏಜೆಂಟ್ ತಂತ್ರಾಂಶಕ್ಕೆ ಸಿದ್ಧವಾಗಿರಲು ತಿಳಿಸಿ, ಯಂತ್ರದ ವಿಳಾಸವನ್ನು ಮೇಜಿನ ಮೇಲಿನ ಡಬ್ಬಿಗೆ ತಲುಪಿಸುತ್ತದೆ.

ಇಲ್ಲಿಂದಾಚೆ ಕಂಟ್ರೋಲರ್ ಬದಿಗೆ ಸರಿಯುತ್ತದೆ. ಇಡೀ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ತಿಳಿದಿರಬೇಕಾದ ಸಂಗತಿ ಇದೇ ಎಂದು ನಾನು ನಂಬಿದ್ದೇನೆ. ನಮ್ಮ ಹುಬ್ಬಳ್ಳಿ ನಿಲ್ದಾಣದ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನಲ್ಲಿ, ಯಾವ ಗಾಡಿ ಎಲ್ಲಿ ನಿಲ್ಲುತ್ತದೆ ಎಂದು ಧ್ವನಿವರ್ಧಕದಲ್ಲಿ ಕೂಗಿ ಹೇಳುವವರು ಪ್ರಯಾಣಿಕರ ಜೊತೆ ಗಾಡಿ ಹತ್ತುವುದಿಲ್ಲ. ಹಾಗೆಯೇ, ಪರದೆಯ ಚಿತ್ರ ಮತ್ತು ಕೀಲಿಮಣೆಯ ಒತ್ತುಗಳು ಡಬ್ಬಿ ಹಾಗೂ ಏಜೆಂಟಿನ ನಡುವೆ ನೇರವಾಗಿ ಹರಿಯುತ್ತವೆ. ಐಸಿಎ ಎಂಬ ಕ್ರಮದಲ್ಲಿ ನಡೆಯುವ ಈ ಮಾತುಕತೆಗೆ 1494ನೆಯ ಪೋರ್ಟ್, ಅಂದರೆ ಆ ಸಂಖ್ಯೆಯ ನೆಟ್‌ವರ್ಕ್ ದ್ವಾರ, ಬಳಕೆಯಾಗುತ್ತದೆ. ನೆಟ್‌ವರ್ಕ್ ಕ್ಷಣಕಾಲ ಕಡಿದರೂ ಕೆಲಸ ಉಳಿಯುವಂತೆ ಏರ್ಪಾಟು ಮಾಡಿದ್ದರೆ 2598. ಆದ್ದರಿಂದ ಮಧ್ಯಾಹ್ನದಲ್ಲಿ ಕಂಟ್ರೋಲರ್ ನಿಂತುಹೋದರೂ ಆಗಲೇ ಒಳಗಿರುವವರ ಕೆಲಸ ನಿಲ್ಲುವುದಿಲ್ಲ, ಹೊಸದಾಗಿ ಬರುವವರಿಗೆ ಮಾತ್ರ ಬಾಗಿಲು ತೆರೆಯುವುದಿಲ್ಲ. ಮನೆಯಿಂದ ಕೆಲಸ ಮಾಡುವವರಿಗೆ ನಡುವೆ, ಹೊರಗಿನ ಸಂಪರ್ಕವನ್ನು ಸುರಕ್ಷಿತವಾಗಿ ಒಳಗೆ ಬಿಡುವ ಗೇಟ್‌ವೇ ಇರುತ್ತದೆ; ಪರವಾನಗಿ ಲೆಕ್ಕವಿಡಲು ಲೈಸೆನ್ಸ್ ಸರ್ವರ್ ಇರುತ್ತದೆ.

ಒಂದು ಸೋಮವಾರ ಬೆಳಿಗ್ಗೆ ಗುಮಾಸ್ತರೊಬ್ಬರು ಫೋನ್ ಮಾಡಿ, "ಸರ್ರ, ಪಾಸ್‌ವರ್ಡ್ ತಗೋತೈತ್ರಿ, ಚಿತ್ರಾನೂ ಕಾಣತೈತ್ರಿ, ಆದ್ರ ಒತ್ತಿದ್ರ ತೆರೀವಲ್ದ್ರಿ" ಎಂದರು. ಇಷ್ಟು ಸ್ಪಷ್ಟವಾಗಿ ದೂರು ಹೇಳುವವರು ಅಪರೂಪ. ಪಾಸ್‌ವರ್ಡ್ ನಡೆದಿದ್ದರಿಂದ ಸ್ಟೋರ್‌ಫ್ರಂಟ್ ಮತ್ತು ಆಕ್ಟಿವ್ ಡೈರೆಕ್ಟರಿ ಸರಿಯಿದ್ದವು. ಚಿತ್ರ ಕಂಡಿದ್ದರಿಂದ ಕಂಟ್ರೋಲರ್ ತನ್ನ ಡೇಟಾಬೇಸಿನ ಜೊತೆ ಮಾತನಾಡುತ್ತಿತ್ತು. ಹಾಗಾದರೆ ದೋಷ ಕಂಟ್ರೋಲರ್ ಮತ್ತು ಏಜೆಂಟಿನ ನಡುವೆ ಇರಬೇಕು. ಯಂತ್ರಗಳ ಪಟ್ಟಿ ತೆಗೆದು ನೋಡಿದರೆ ಎಲ್ಲದರ ಮುಂದೆಯೂ ನೋಂದಣಿಯಾಗಿಲ್ಲ ಎಂಬ ಗುರುತು. ಪ್ರತಿ ಏಜೆಂಟ್ ಚಾಲು ಆದ ಕೂಡಲೇ ಕಂಟ್ರೋಲರಿನಲ್ಲಿ ತನ್ನ ಹೆಸರು ಬರೆಸಬೇಕು. ಬರೆಸದ ಯಂತ್ರವನ್ನು ಕಂಟ್ರೋಲರ್ ಯಾರಿಗೂ ಕೊಡುವುದಿಲ್ಲ. ಯಂತ್ರವೊಂದರ ಪರದೆಯನ್ನು ಹೈಪರ್‌ವೈಸರಿನ ಮೂಲಕ ತೆರೆದು ನೋಡುತ್ತಿದ್ದಾಗ, ಕೆಳಗಿನ ಬಲಮೂಲೆಯ ಗಡಿಯಾರ ನನ್ನ ಕೈಗಡಿಯಾರಕ್ಕಿಂತ ಏಳು ನಿಮಿಷ ಹಿಂದಿತ್ತು.

ರವಿವಾರ ಕರೆಂಟ್ ಹೋಗಿ ಬಂದಾಗ ನಮ್ಮ ಸರ್ವರ್ ತಪ್ಪು ಸಮಯದೊಂದಿಗೆ ಎದ್ದಿತ್ತು ಮತ್ತು ತನ್ನೊಳಗಿನ ಎಲ್ಲ ಯಂತ್ರಗಳಿಗೂ ಅದೇ ಸಮಯವನ್ನು ಹಂಚಿತ್ತು. ಏಜೆಂಟ್ ಮತ್ತು ಕಂಟ್ರೋಲರಿನ ಗುರುತನ್ನು ಪರಸ್ಪರ ಖಚಿತಪಡಿಸುವ ಕರ್ಬೆರೋಸ್ ವಿಧಾನ, ಸಾಮಾನ್ಯವಾಗಿ ಗಡಿಯಾರಗಳ ನಡುವೆ 5 ನಿಮಿಷಕ್ಕಿಂತ ಹೆಚ್ಚಿನ ಅಂತರವನ್ನು ಒಪ್ಪುವುದಿಲ್ಲ. ಕದ್ದ ಹಳೆಯ ಗುರುತಿನ ಚೀಟಿಯನ್ನು ಯಾರೂ ಮತ್ತೆ ತೋರಿಸಬಾರದೆಂದು ಮಾಡಿದ ನಿಯಮವದು. ನಾನು ಅದನ್ನು ಸಡಿಲಿಸಲು ಹೋಗಲಿಲ್ಲ. ಸರ್ವರಿನ ಗಡಿಯಾರವನ್ನು ಸರಿಪಡಿಸಿ, ಮುಂದೆ ಅದು ನಂಬಬಹುದಾದ ಮೂಲದಿಂದ ಸಮಯ ಪಡೆಯುವಂತೆ ಮಾಡಿ, ಯಂತ್ರಗಳನ್ನು ಮರುಚಾಲನೆ ಮಾಡಿದೆ. ಒಂದೊಂದಾಗಿ ಅವು ಹೆಸರು ಬರೆಸಿದವು.

ಈ ಯಂತ್ರಗಳೆಲ್ಲ ಒಂದೇ ಮೂಲ ಇಮೇಜಿನಿಂದ, ಅಂದರೆ ವಿಂಡೋಸ್ ಮತ್ತು ತಂತ್ರಾಂಶಗಳನ್ನು ತುಂಬಿಟ್ಟ ಒಂದೇ ಅಚ್ಚಿನಿಂದ, ಹುಟ್ಟಿದವು. ಪ್ರತಿ ಯಂತ್ರಕ್ಕೂ ತನ್ನ ಗುರುತನ್ನು ಇಟ್ಟುಕೊಳ್ಳಲು 16 ಎಂಬಿಯ ಒಂದು ಪುಟ್ಟ ಡಿಸ್ಕ್, ಬದಲಾವಣೆಗಳನ್ನು ಬರೆದುಕೊಳ್ಳಲು ಇನ್ನೊಂದು ಡಿಸ್ಕ್ ಇರುತ್ತವೆ. ಸಂಜೆ ನೌಕರರು ಲಾಗ್‌ಔಟ್ ಆದ ಮೇಲೆ ಯಂತ್ರ ಮರುಚಾಲನೆಗೊಳ್ಳುತ್ತದೆ, ಎರಡನೆಯ ಡಿಸ್ಕಿನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಅವರ ಕಡತಗಳೂ ಪ್ರೊಫೈಲೂ ಬೇರೆ ಫೈಲ್ ಸರ್ವರಿನಲ್ಲಿ ಸುರಕ್ಷಿತವಾಗಿರುತ್ತವೆ. ಹತ್ತು ಗಂಟೆಗೆ ಎಲ್ಲರೂ ಒಮ್ಮೆಲೇ ಬಂದು ಎಲ್ಲ ಯಂತ್ರಗಳೂ ಒಟ್ಟಿಗೆ ಏಳಲು ಹೋದರೆ ಸ್ಟೋರೇಜ್ ಉಸಿರು ಕಟ್ಟುತ್ತದೆಂದು, ನಮ್ಮಲ್ಲಿ ಒಂಬತ್ತೂಕಾಲರಿಂದಲೇ ಸ್ವಲ್ಪ ಸ್ವಲ್ಪ ಯಂತ್ರಗಳು ಚಾಲು ಆಗುವಂತೆ ಕಂಟ್ರೋಲರಿನಲ್ಲಿ ವೇಳಾಪಟ್ಟಿ ಹಾಕಿಟ್ಟಿದ್ದೇವೆ.