83 ಗೆಲುವು, ಒಂದು ಕಡಿಮೆ

ಎಲ್ಲರಿಗೂ ನಮಸ್ಕಾರ. ನ್ಯೂಯಾರ್ಕ್‌ನ ಈ ಫ್ಲಶಿಂಗ್‌ನಲ್ಲಿ ಕೂತು, ನಮ್ಮೂರ ಬೇಸ್‌ಬಾಲ್ ತಂಡ ಮೆಟ್ಸ್ ಅಂದರೆ ಯಾರು ಅಂತ ವಿವರಿಸುವ ಅಗತ್ಯ ಇಲ್ಲ. ಮೇನ್ ಸ್ಟ್ರೀಟ್‌ನಲ್ಲಿ 7 ನಂಬರ್ ರೈಲು ಹತ್ತಿದರೆ ಮುಂದಿನ ಸ್ಟೇಷನ್ನೇ ಅವರದು. ಗಣೇಶನ ಗುಡಿಯಲ್ಲಿ ಮಂಗಳಾರತಿ ತಗೊಂಡು, ಕೆಳಗೆ ಕ್ಯಾಂಟೀನ್‌ನಲ್ಲಿ ದೋಸೆ ತಿಂದು, ಹಾಗೇ ಆಟಕ್ಕೆ ಹೋಗುವವರು ಈ ಸಭೆಯಲ್ಲೇ ಹತ್ತು ಜನ ಇದ್ದೀರಿ. ಎರಡನೇ ಸಾಲಿನಲ್ಲಿ ನೀಲಿ ಟೋಪಿ ಕಾಣಿಸುತ್ತಿದೆ ನನಗೆ.

ನಾನು ಮಾತಾಡಲು ಒಪ್ಪಿದ್ದಕ್ಕೆ ಒಂದೇ ಕಾರಣ. 2025ರ ಲೀಗ್ ಆಟಗಳು ಮುಗಿದ ಸೆಪ್ಟೆಂಬರ್ 28 ಆದಮೇಲೆ ಯಾರು ಸಿಕ್ಕಿದರೂ ಇದೇ ಮಾತು: "ಕೊನೇ ದಿನ ಕೈ ಕೊಟ್ಟರಲ್ಲಾ ನಿಮ್ಮವರು!" ಇಲ್ಲ ಸ್ವಾಮಿ. ಕೊನೇ ದಿನ ಹೋಗಿದ್ದಲ್ಲ ಅದು. ಇದನ್ನು ಹೇಳದೆ ನನಗೆ ನಿದ್ದೆ ಬರುವುದಿಲ್ಲ.

ಲೆಕ್ಕ ನೋಡಿ. 2025ರಲ್ಲಿ 162 ಆಟ. ಮೆಟ್ಸ್ ಗೆದ್ದಿದ್ದು 83. ಸಿನ್ಸಿನಾಟಿ ರೆಡ್ಸ್ ಗೆದ್ದಿದ್ದೂ 83. ಇಬ್ಬರೂ ಕೊನೇ ದಿನ ಸೋತರು. ಉಳಿದ ಒಂದು ಪ್ಲೇಆಫ್ ಜಾಗಕ್ಕೆ ಹೀಗೆ ಸಮ ಬಂದಾಗ ಒಬ್ಬರ ಮೇಲೊಬ್ಬರು ಆಡಿದ ಆಟಗಳನ್ನು ನೋಡುತ್ತಾರೆ. ಆರರಲ್ಲಿ ನಾಲ್ಕು ರೆಡ್ಸ್‌ಗೆ, ಎರಡು ನಮಗೆ. ಅಷ್ಟೇ, ಅವರು ಪ್ಲೇಆಫ್‌ಗೆ, ನಾವು ಮನೆಗೆ. ವರ್ಷವಿಡೀ ಸೋತ 79ರಲ್ಲಿ ಯಾವುದಾದರೂ ಒಂದೇ ಒಂದು ಗೆದ್ದಿದ್ದರೆ ಸಾಕಿತ್ತು. ಯಾವುದಾದರೂ! ಏಪ್ರಿಲ್‌ನ ಚಳಿಯಲ್ಲಿ, ಅರ್ಧ ಖಾಲಿ ಮೈದಾನದಲ್ಲಿ ಆಡಿದ್ದಾದರೂ ಸರಿ.

ಈಗ ಒಂದು ದಿನಾಂಕ ಹೇಳುತ್ತೇನೆ. ಜೂನ್ 12.

2024ರಲ್ಲಿ ನಮ್ಮ ಶುರುವಾತೇ ಸತತ ಐದು ಸೋಲು. ಜೂನ್ ಬಂದಾಗ 24 ಗೆಲುವು, 35 ಸೋಲು. ಎಲ್ಲರೂ ಕೈ ತೊಳೆದುಕೊಂಡಿದ್ದರು. ಜೂನ್ 12ರಂದು ಮೆಕ್‌ಡೊನಾಲ್ಡ್ಸ್‌ನ ಆ ನೇರಳೆ ಬಣ್ಣದ ಗೊಂಬೆ ಗ್ರಿಮೇಸ್ ಬಂದು, ಆಟಕ್ಕೆ ಮುಂಚೆ ಶಾಸ್ತ್ರಕ್ಕೆ ಅಂತ ಮೊದಲ ಚೆಂಡು ಎಸೆಯಿತು. ಅವತ್ತಿನಿಂದ ಸತತ ಏಳು ಗೆಲುವು! ಗ್ರಿಮೇಸ್ ವೇಷ ಹಾಕಿಕೊಂಡು ಮಕ್ಕಳು, ಮಕ್ಕಳ ಅಪ್ಪಂದಿರು ಆಟಕ್ಕೆ ಬರಲು ಶುರುಮಾಡಿದರು. ಸೆಪ್ಟೆಂಬರ್ 30ರಂದು ಅಟ್ಲಾಂಟಾದಲ್ಲಿ, ಕೊನೆಯದಾದ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ, ನಮ್ಮ ಲಿಂಡೋರ್ ಹೊಡೆದ ಹೋಮ್ ರನ್, ಅಂದರೆ ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ, ನೆನಪಿದೆ ಅಲ್ವಾ? 8-7. ಅದಾಗಿ ಮೂರು ದಿನಕ್ಕೆ ಮಿಲ್ವಾಕಿಯಲ್ಲಿ, ಅದೇ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ, ಪೀಟ್ ಅಲೊನ್ಸೊ ಹೊಡೆದದ್ದು! ನಾನು ಸೋಫಾ ಮೇಲೆ ಹತ್ತಿ ಕುಣಿದಿದ್ದೆ. ಕೊನೆಗೆ ಡಾಡ್ಜರ್ಸ್ ತಂಡದೆದುರು ಸೋತು ನಿಂತೆವು. ಆದರೂ ಅದು ತುಂಬಿದ ವರ್ಷ.

ಆರ್‌ಸಿಬಿಯವರು ತಲೆ ಆಡಿಸುತ್ತಿದ್ದೀರಿ. ಹೌದು, ಅದೇ 2024ರಲ್ಲಿ ನಮ್ಮವರು ಮೊದಲ ಎಂಟರಲ್ಲಿ ಏಳು ಸೋತು, ಆಮೇಲೆ ಸತತ ಆರು ಗೆದ್ದು ಪ್ಲೇಆಫ್ ಸೇರಿದ್ದರು. ಆದರೆ ಅಲ್ಲಿ ಲೀಗ್‌ನಲ್ಲಿ ಇರುವುದೇ 14 ಆಟ. ಪ್ರತಿ ಆಟಕ್ಕೂ ಎದೆ ಡವಡವ ಅನ್ನುತ್ತದೆ. 162 ಆಟ ಅಂದರೆ ಹಾಗಲ್ಲ. ಅದು ದಿನಾ ಹಾಲು ತರಲು ಹೋದ ಹಾಗೆ. ಒಂದು ದಿನದ್ದು ಲೆಕ್ಕಕ್ಕೇ ಬರುವುದಿಲ್ಲ ಅನ್ನಿಸುತ್ತದೆ. ಅಲ್ಲೇ ನಾವು ಮೋಸ ಹೋಗುವುದು.

2025ರ ಜೂನ್ 12. ಅವತ್ತು ವಾಷಿಂಗ್ಟನ್ ಮೇಲೆ ಗೆದ್ದೆವು. 45 ಗೆಲುವು, 24 ಸೋಲು. ಇಡೀ ಬೇಸ್‌ಬಾಲ್‌ನಲ್ಲಿ ನಮಗಿಂತ ಮೇಲೆ ಯಾರೂ ಇಲ್ಲ. ಅದೇ ಆಟದಲ್ಲಿ ಅಲೊನ್ಸೊ ಎಸೆದ ಚೆಂಡು ಸ್ವಲ್ಪ ಎತ್ತರ ಹೋಯಿತು. ಮೊದಲ ಬೇಸ್‌ಗೆ ಓಡಿ ಬಂದ ನಮ್ಮ ಪಿಚರ್, ಅಂದರೆ ಬೌಲರ್ ಇದ್ದ ಹಾಗೆ, ಕೊಡೈ ಸೆಂಗಾ ಎಗರಿ ಹಿಡಿದರು. ಬೇಸ್ ಮುಟ್ಟಿದರು, ಎದುರಾಳಿ ಔಟ್. ಆದರೆ ಸೆಂಗಾ ಅಲ್ಲೇ ಕುಸಿದರು. ತೊಡೆಯ ಹಿಂದಿನ ಸ್ನಾಯು. ಅಲ್ಲಿಯವರೆಗೆ ಒಂಬತ್ತು ಇನ್ನಿಂಗ್ಸ್‌ಗೆ ಅವರು ಬಿಟ್ಟುಕೊಡುತ್ತಿದ್ದ ಸರಾಸರಿ ರನ್ 1.47. ವಾಸಿಯಾಗಿ ಬಂದಮೇಲೆ ಆ ಮನುಷ್ಯ ಮತ್ತೆ ಮೊದಲಿನಂತೆ ಆಗಲೇ ಇಲ್ಲ. ಸೆಪ್ಟೆಂಬರ್ ಹೊತ್ತಿಗೆ ಕೆಳಗಿನ ತಂಡಕ್ಕೆ, ಸಿರಾಕ್ಯೂಸ್‌ಗೆ ಹೋದರು. ಜೂನ್ 13ರಿಂದ ಕೊನೆವರೆಗೆ ನಮ್ಮದು 38 ಗೆಲುವು, 55 ಸೋಲು.

ಒಂದು ವರ್ಷ ಆ ದಿನ ಏರಿದೆವು, ಮರುವರ್ಷ ಅದೇ ದಿನ ಇಳಿದೆವು. ನಾನು ಜಾತಕ ನೋಡುವವಳಲ್ಲ. ಆದರೂ ಮುಂದಿನ ಜೂನ್ 12ಕ್ಕೆ ಗಣಪತಿಗೆ ಒಂದು ಅರ್ಚನೆ ಮಾಡಿಸುತ್ತೇನೆ. ಅದನ್ನು ಮಾತ್ರ ಬಿಡುವುದಿಲ್ಲ.

ಈಗ ನಮ್ಮ ಅಪ್ಪನ ವಿಷಯ. ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ, ಆದರೆ ಇದನ್ನು ಹೇಳಿಯೇ ಮುಂದಕ್ಕೆ ಹೋಗುತ್ತೇನೆ. ಅಪ್ಪ ಹಾಸನದಲ್ಲಿ ಬ್ಯಾಂಕ್ ಕ್ಯಾಷಿಯರ್ ಆಗಿದ್ದವರು. ಬೇಸಿಗೆಯಲ್ಲಿ ಇಲ್ಲಿ ಇದ್ದರು. ಜುಲೈ 19, ಶನಿವಾರ, ಅವರನ್ನು ಮೆಟ್ಸ್ ಮೈದಾನ ಸಿಟಿ ಫೀಲ್ಡ್‌ಗೆ ಕರೆದುಕೊಂಡು ಹೋದೆ. ಅವತ್ತು ನಮ್ಮ ಹಳೆಯ ಆಟಗಾರ ಡೇವಿಡ್ ರೈಟ್ ಅವರ 5 ನಂಬರಿಗೆ ನಿವೃತ್ತಿ ಕೊಡುವ ದಿನ. ಇನ್ನು ಮೆಟ್ಸ್‌ನಲ್ಲಿ ಬೇರೆ ಯಾರೂ ಆ ಅಂಗಿ ಹಾಕುವ ಹಾಗಿಲ್ಲ.

"ಅಂಥದ್ದೇನು ಮಾಡಿದ್ದಾರೆ ಪುಟ್ಟೀ ಅವರು?" ಅಂದರು ಅಪ್ಪ. 2004ರಿಂದ 2018ರವರೆಗೆ ಒಂದೇ ತಂಡ ಅಪ್ಪ, ಕ್ಯಾಪ್ಟನ್ ಆಗಿದ್ದರು, ಬೆನ್ನುಹುರಿಯ ತೊಂದರೆಯಿಂದ ಆಟವೇ ನಿಂತುಹೋಯಿತು ಅಂದೆ. ಅಪ್ಪನಿಗೆ ಒಂದೇ ತಂಡ ಅನ್ನುವುದು ಬಹಳ ಹಿಡಿಸಿತು. ತಾವೂ ಒಂದೇ ಬ್ಯಾಂಕ್, 34 ವರ್ಷ. ರೈಟ್ ಮಾತಾಡಲು ನಿಂತಾಗ ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಕ್ಕದ ಸೀಟಿನ ಅಜ್ಜಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಪ್ಪ ತಮ್ಮ ಕರ್ಚೀಫ್ ಕೊಟ್ಟರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆಟ ಮುಗಿಯುವ ತನಕ ಮಾತಾಡಿಕೊಂಡೇ ಇದ್ದರು!

ವಾಪಸ್ ರೈಲಿನಲ್ಲಿ ಅಪ್ಪ ಕೇಳಿದರು. "ಗೆದ್ದರೋ ಸೋತರೋ?"

"ಸೋತರು ಅಪ್ಪ."

"ಮತ್ತೆ ಎಲ್ಲರೂ ಇಷ್ಟು ಖುಷಿಯಾಗಿದ್ದಾರೆ?"

"ಇನ್ನೂ ಅರವತ್ತಕ್ಕಿಂತ ಜಾಸ್ತಿ ಆಟ ಇದೆ ಅಪ್ಪ. ಒಂದು ಹೋದರೆ ಏನಂತೆ" ಅಂದೆ.

ಅವತ್ತು ಎದುರಾಳಿ ಯಾರು ಗೊತ್ತಾ? ಸಿನ್ಸಿನಾಟಿ ರೆಡ್ಸ್. ಆ ಆರು ಆಟಗಳಲ್ಲಿ ಅದೂ ಒಂದು. ಅದೊಂದು ಗೆದ್ದಿದ್ದರೆ ನಮಗೆ 84, ಅವರಿಗೆ 82.

ಸೆಪ್ಟೆಂಬರ್ 28ರ ರಾತ್ರಿ ಹಾಸನಕ್ಕೆ ಫೋನ್ ಮಾಡಿ ಅತ್ತುಬಿಟ್ಟೆ. ಅಪ್ಪ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು, "ಸಂಜೆ ಕ್ಯಾಷ್ ಎಣಿಸುವಾಗ ಒಂದು ರೂಪಾಯಿ ಕಮ್ಮಿ ಬಂದರೆ, ಅದು ಸಂಜೆ ಹೋದ ರೂಪಾಯಿ ಅಲ್ಲ ಪುಟ್ಟೀ. ಬೆಳಗಿನಿಂದ ಯಾವಾಗಲೋ ಹೋಗಿರುತ್ತದೆ. ಸಂಜೆ ಗೊತ್ತಾಗುತ್ತದೆ ಅಷ್ಟೆ."

ಅದಕ್ಕೇ ಮಯಾಮಿಯಲ್ಲಿ ಆಡಿದ ಆ ಕೊನೇ ದಿನದ ಆಟದ ಬಗ್ಗೆ ಯಾರಾದರೂ ಅಲೊನ್ಸೊ ಅವರನ್ನು ಬೈದರೆ ನಾನು ಸುಮ್ನೆ ಇರುವುದಿಲ್ಲ. ಐದನೇ ಇನ್ನಿಂಗ್ಸ್, ಮೂರೂ ಬೇಸ್ ತುಂಬಿವೆ, ಆ ಮನುಷ್ಯ ಚೆಂಡನ್ನು ಎಷ್ಟು ಜೋರಾಗಿ ಹೊಡೆದರು! ನೇರ ಫೀಲ್ಡರ್ ಕೈಗೆ ಹೋಯಿತು. ನಾಲ್ಕು ಅಡಿ ಆಚೆ ಹೋಗಿದ್ದರೆ ನಾವು ಇವತ್ತು ಬೇರೆ ಉಪನ್ಯಾಸ ಕೇಳುತ್ತಿದ್ದೆವು. ಆ ವರ್ಷ 38 ಹೋಮ್ ರನ್ ಹೊಡೆದವರು ಅವರು. ಆಗಸ್ಟ್‌ನಲ್ಲಿ ಹಳೆಯ ಆಟಗಾರ ಡ್ಯಾರಿಲ್ ಸ್ಟ್ರಾಬೆರಿ ಅವರ 252 ದಾಟಿ, ಮೆಟ್ಸ್ ಇತಿಹಾಸದಲ್ಲೇ ಅತಿ ಹೆಚ್ಚು ಹೋಮ್ ರನ್ ತಮ್ಮ ಹೆಸರಿಗೆ ಬರೆದುಕೊಂಡವರು. ಸೆಪ್ಟೆಂಬರ್‌ನಲ್ಲಿ ಸತತ ಎಂಟು ಸೋತಾಗ ಆ ಸರಪಳಿ ಮುರಿದದ್ದೂ ಅವರ ಹೋಮ್ ರನ್ನೇ.

ದುಡ್ಡಿನ ಮಾತು ಬರುತ್ತದೆ, ಗೊತ್ತು. ನಮ್ಮ ಬ್ಯಾಟರ್ ಹ್ವಾನ್ ಸೊಟೊ ಅವರಿಗೆ 15 ವರ್ಷಕ್ಕೆ 76.5 ಕೋಟಿ ಡಾಲರ್. ಸೊಟೊ ಕೆಲಸ ಮಾಡಿದರು. 43 ಹೋಮ್ ರನ್ ಹೊಡೆದರು, ಚೆಂಡು ಹೊಡೆಯುವುದನ್ನು ಕಾಯದೆ ಮುಂದಿನ ಬೇಸ್‌ಗೆ ಓಡಿ 38 ಬೇಸ್ ಕದ್ದರು. ಲಿಂಡೋರ್ ಎರಡರಲ್ಲೂ 31. ಸಮಸ್ಯೆ ಅಲ್ಲಿರಲಿಲ್ಲ. ಸಮಸ್ಯೆ ಇದ್ದದ್ದು ಪಿಚರ್‌ಗಳಲ್ಲಿ, ಮತ್ತೆ ಆಟದ ಕೊನೆಯಲ್ಲಿ. ಎಂಟು ಇನ್ನಿಂಗ್ಸ್ ಆದಮೇಲೆ ಹಿಂದಿದ್ದ ಒಂದು ಆಟವನ್ನೂ ಈ ತಂಡ ಇಡೀ ವರ್ಷ ತಿರುಗಿಸಿ ಗೆಲ್ಲಲಿಲ್ಲ. ಒಂದನ್ನೂ! ಹಿಂದಿನ ವರ್ಷ ಒಂಬತ್ತನೇ ಇನ್ನಿಂಗ್ಸ್‌ನಲ್ಲೇ ಬದುಕಿದ ತಂಡ ಇದು. ನೋಡಿ, ಮತ್ತೆ ಅದೇ ಒಂದಕ್ಕೆ ಬಂದೆ.

ಚೀಟಿ ಬಂತು. ಐದು ನಿಮಿಷ ಅಂತೆ. ಹೊಸ ಹುಡುಗ ನೋಲನ್ ಮೆಕ್ಲೀನ್ ಆಗಸ್ಟ್‌ನಲ್ಲಿ ಬಂದು ಎಷ್ಟು ಚೆನ್ನಾಗಿ ಎಸೆದ ಅನ್ನುವುದನ್ನು ವಿವರವಾಗಿ ಹೇಳಬೇಕಿತ್ತು. 1962ರ ಮೊದಲ ಮೆಟ್ಸ್, ಆ 120 ಸೋಲು, ಅದಾಗಿ ಏಳೇ ವರ್ಷಕ್ಕೆ ವಿಶ್ವ ಸರಣಿಯ ಗೆಲುವು, ಅದೂ ಉಳಿಯಿತು. ಊಟ ಮಾಡುವಾಗ ಕೇಳಿ, ಹೇಳುತ್ತೇನೆ.

ಈ ಚಳಿಗಾಲ ಅಲೊನ್ಸೊ ಬಾಲ್ಟಿಮೋರ್‌ಗೆ ಹೋದರು. ನಮ್ಮ ಪಿಚರ್ ಡಿಯಾಝ್ ಡಾಡ್ಜರ್ಸ್‌ಗೆ, ಬ್ಯಾಟರ್ ನಿಮ್ಮೊ ಟೆಕ್ಸಾಸ್‌ಗೆ. ಮನೆ ಖಾಲಿಯಾದ ಹಾಗಿದೆ. ಅಲೊನ್ಸೊ ಅಂಗಿ ಬೀರುವಿನಲ್ಲಿ ಹಾಗೇ ನೇತುಹಾಕಿದ್ದೇನೆ, ತೆಗೆಯಲು ಮನಸ್ಸಿಲ್ಲ.

ಮೊನ್ನೆ ಅಪ್ಪ ಫೋನ್ ಮಾಡಿ ಮತ್ತೆ ಯಾವಾಗ ಶುರು ಅಂತ ಕೇಳಿದರು. ಮಾರ್ಚ್ ಕೊನೆಗೆ ಅಂದೆ. ಇಲ್ಲಿ ಸಂಜೆ 7:10ರ ಆಟ ಅಂದರೆ ಅಲ್ಲಿ ಬೆಳಗಿನ ಜಾವ 4:40. ಹೇಗೂ ಆ ಹೊತ್ತಿಗೆ ಎದ್ದಿರುತ್ತೇನೆ ಅಂದರು. ಅಂಗಡಿಯಿಂದ ಒಂದು ಲೆಕ್ಕದ ಪುಸ್ತಕ ತಂದಿಟ್ಟಿದ್ದಾರಂತೆ. ಗೆರೆ ಹಾಕಿ, ಒಂದರಿಂದ 162ರವರೆಗೆ ನಂಬರ್ ಬರೆದಾಗಿದೆ.

ಬನ್ನಿ, ದೋಸೆ ತಣ್ಣಗಾಗುತ್ತದೆ. ನಮಸ್ಕಾರ.