ಲಕ್ವಾ ವಾಸಿಯಾದ ಮೇಲೂ ಉಳಿಯುವ ದಣಿವು

ಕೇಳುಗರಿಗೆ ನಮಸ್ಕಾರ.

ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಲಕ್ವಾ ಎಂದು ಕರೆಯುವ ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡವರನ್ನು ನೋಡಲು ಬಂದವರು ಕೈ ಎತ್ತಲು ಬರುತ್ತದೆಯೇ, ಮಾತು ಸ್ಪಷ್ಟವಾಯಿತೇ ಎಂದು ವಿಚಾರಿಸುತ್ತಾರೆ. ದಿನವಿಡೀ ಕಾಡುವ ದಣಿವನ್ನು ಕುರಿತು ಕೇಳುವವರು ವಿರಳ. ಬದುಕುಳಿದವರಲ್ಲಿ ಸುಮಾರು ಅರ್ಧದಷ್ಟು ಜನರನ್ನು ಇದು ಬಾಧಿಸುತ್ತದೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆಘಾತ ಸಣ್ಣದಾಗಿದ್ದರೂ, ಕೈಕಾಲು ಪೂರ್ತಿ ಸುಧಾರಿಸಿದ್ದರೂ ಇದು ಬರಬಹುದೆಂಬುದನ್ನು ಮನೆಯವರು ಮೊದಲು ತಿಳಿಯಬೇಕು.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರೊಬ್ಬರನ್ನು ಊಹಿಸಿಕೊಳ್ಳಿ. ಅವರ ಬಲಗೈ ಮತ್ತೆ ಪೆನ್ನು ಹಿಡಿಯುತ್ತದೆ, ಅಕ್ಷರ ದುಂಡಗೆ ಮೂಡುತ್ತದೆ. ಆದರೆ ಹಮಾಲರ ಕೂಗು, ಫೋನಿನ ಸದ್ದು, ರೈತರ ಪ್ರಶ್ನೆಗಳ ನಡುವೆ ಚೀಲಗಳ ತೂಕವನ್ನು ಕೂಡಿಸುತ್ತ ಹೋದಂತೆ, ಮಧ್ಯಾಹ್ನಕ್ಕೆ ಮುಂಚೆಯೇ ಅಂಕಿಗಳು ಕಲಸಿಹೋಗುತ್ತವೆ. ಒಂದೇ ಸಾಲನ್ನು ಮತ್ತೆ ಮತ್ತೆ ಓದಿದರೂ ತಲೆಗೆ ಹತ್ತುವುದಿಲ್ಲ. ಹೊಲದಲ್ಲಿ ದುಡಿದವರ ದಣಿವು ಒಂದು ರಾತ್ರಿಯ ನಿದ್ದೆಗೆ ಇಳಿಯುತ್ತದೆ, ಇದು ಇಳಿಯುವುದಿಲ್ಲ. ಗಾಯಗೊಂಡ ಮೆದುಳು ಹೆಜ್ಜೆ ಇಡಲು, ಮಾತು ಹೊಂದಿಸಲು, ಗದ್ದಲದಲ್ಲಿ ಗಮನ ನಿಲ್ಲಿಸಲು ಮೊದಲಿಗಿಂತ ಹೆಚ್ಚು ಶ್ರಮಪಡಬೇಕಾಗುತ್ತದೆ. ಕಣ್ಣಿಗೆ ಕಾಣದ ಈ ಶ್ರಮವನ್ನು ಮೈಗಳ್ಳತನವೆಂದು ಕರೆಯುವುದು ದೊಡ್ಡ ಅನ್ಯಾಯ. ಹಾಗೆ ಅನ್ನಿಸಿಕೊಂಡವರು ಮದುವೆ, ಜಾತ್ರೆ, ಕೊನೆಗೆ ಕಟ್ಟೆಯ ಮಾತುಕತೆಯನ್ನೂ ಬಿಟ್ಟು ಮೂಲೆ ಹಿಡಿಯುತ್ತಾರೆ.

ದಣಿವಿಗೆ ಬೇರೆ ಕಾರಣಗಳೂ ಸೇರಿಕೊಂಡಿರಬಹುದು. ರಕ್ತಹೀನತೆ, ಥೈರಾಯ್ಡ್ ಕೊರತೆಗಳನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದು. ಖಿನ್ನತೆ ಇದ್ದರೆ ಧಾರವಾಡದ ಡಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯ ಆಸ್ಪತ್ರೆಗಳಲ್ಲಿ ಚಿಕಿತ್ಸೆಯಿದೆ. ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುವುದು ರೋಗಿಗೆ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಮಲಗಿದವರೇ ವೈದ್ಯರಿಗೆ ಹೇಳಬೇಕು. ರಕ್ತದೊತ್ತಡದ ಕೆಲವು ಮಾತ್ರೆಗಳೂ, ಸ್ನಾಯುಗಳ ಬಿಗಿತಕ್ಕೆ ಕೊಡುವ ಬ್ಯಾಕ್ಲೋಫೆನ್ ಕೂಡ ಆಯಾಸ ತರಬಲ್ಲವು. ಹಾಗೆಂದು ಯಾವ ಮಾತ್ರೆಯನ್ನೂ ತಾವಾಗಿಯೇ ನಿಲ್ಲಿಸಬೇಡಿ. ರಕ್ತದೊತ್ತಡದ ಮಾತ್ರೆ ನಿಂತರೆ ಒತ್ತಡ ಏರಿ ಮತ್ತೊಮ್ಮೆ ಲಕ್ವಾ ಹೊಡೆಯುವ ಅಪಾಯವಿದೆ.

ಈ ದಣಿವನ್ನೇ ಕಳೆಯುವ ಖಚಿತ ಔಷಧ ಇನ್ನೂ ಇಲ್ಲವಾದ್ದರಿಂದ, ದಿನದ ಕೆಲಸವನ್ನು ಹೊಂದಿಸಿಕೊಳ್ಳುವುದೇ ಮುಖ್ಯ. ಸ್ನಾನವನ್ನು ಕುಳಿತೇ ಮಾಡಲಿ, ಲೆಕ್ಕಪತ್ರದಂಥ ಕೆಲಸವನ್ನು ತಲೆ ಚುರುಕಾಗಿರುವ ಹೊತ್ತಿಗೆ ಇಟ್ಟುಕೊಳ್ಳಲಿ, ಪೂರ್ತಿ ಸುಸ್ತಾಗುವ ಮೊದಲೇ ವಿಶ್ರಮಿಸಲಿ. ಹುಷಾರೆನಿಸಿದ ದಿನ ಎರಡು ದಿನದ ಕೆಲಸ ಮಾಡಿದವರು ಮರುದಿನ ಏಳಲಾರರು. ನಡಿಗೆಯನ್ನು ವೈದ್ಯರ ಸಲಹೆಯಂತೆ ಸ್ವಲ್ಪಸ್ವಲ್ಪವೇ ಹೆಚ್ಚಿಸಬೇಕು. ನೋಡಲು ಬಂದವರು ಒಬ್ಬೊಬ್ಬರಾಗಿ ಮಾತನಾಡಲಿ, ಆ ಹೊತ್ತಿಗೆ ಟಿವಿ ಬಂದ್ ಇರಲಿ. ಆದರೆ ಬಾಯಿ ಸೊಟ್ಟಗಾದರೆ, ಒಂದು ಕೈ ಇದ್ದಕ್ಕಿದ್ದಂತೆ ಜೋತುಬಿದ್ದರೆ, ಅದನ್ನು ದಣಿವೆಂದು ಭಾವಿಸಿ ಮಲಗಿಸಬೇಡಿ; ಕೂಡಲೇ 108ಕ್ಕೆ ಕರೆ ಮಾಡಿ.