ಡಿ-ಡೈಮರ್ ಎಂಬ ಗುಮ್ಮ

ನಮಸ್ಕಾರ. ಮೊನ್ನೆ ಸೋಮವಾರ ಬೆಳಗ್ಗೆ ಲ್ಯಾಬಿನ ಶಟರ್ ಎತ್ತಿ ಇನ್ನೂ ಊದಿನಕಡ್ಡಿ ಹಚ್ಚಿರಲಿಲ್ಲ, ಕುಂದಗೋಳದ ಕಡೆಯ ಯುವಕನೊಬ್ಬ ಎರಡು ಕಾಗದ ಹಿಡಿದು ಒಳಗೆ ಬಂದ. ಹಿಂದೆ ಅವನ ತಾಯಿ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದರು. “ಅಣ್ಣ, ಅವ್ವನ ರಕ್ತ ಹೆಪ್ಪುಗಟ್ಟುತ್ತಿದೆ. ನಾಲ್ಕೇ ದಿನಕ್ಕೆ ದುಪ್ಪಟ್ಟಾಗಿದೆ, ನೋಡಿ” ಎಂದ. ಹೆಪ್ಪಿನ ಸುಳಿವು ಹುಡುಕುವ ಡಿ-ಡೈಮರ್ ಎಂಬ ರಕ್ತಪರೀಕ್ಷೆಯ ಅಂಕಿ ಮೊದಲ ಕಾಗದದಲ್ಲಿ 310, ಎರಡನೆಯದರಲ್ಲಿ 620. ಎರಡೂ ಅಂಕಿ ಕೆಂಪು ಅಕ್ಷರದಲ್ಲಿದ್ದವು. ಹುಡುಗ ರಾತ್ರಿ ನಿದ್ದೆ ಮಾಡಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು.

ಅವ್ವನಿಗೆ 68 ವರ್ಷ. ಕೊರೊನಾ ಜ್ವರ ಬಂದು ಇಳಿದಿತ್ತು, ಕೆಮ್ಮು ಉಳಿದಿತ್ತು. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದೆ, 97 ತೋರಿಸಿತು. ರೊಟ್ಟಿ ಎಷ್ಟು ತಿಂದಿರಿ ಎಂದು ಕೇಳಿದೆ. “ಎರಡು, ಮೇಲೆ ಸ್ವಲ್ಪ ಜುಣಕ” ಎಂದರು.

ಇಂಥ ಕಾಗದ ಕೈಗೆ ಬಂದರೆ ನಾನು ಮೊದಲು ಅಂಕಿ ನೋಡುವುದಿಲ್ಲ, ಅಂಕಿಯ ಪಕ್ಕದ ಇರುವೆಯಂಥ ಅಕ್ಷರ ನೋಡುತ್ತೇನೆ. ಒಂದರಲ್ಲಿ ಡಿಡಿಯು ಎಂದಿತ್ತು, ಇನ್ನೊಂದರಲ್ಲಿ ಎಫ್‌ಇಯು. ಇವು ಒಂದೇ ವಸ್ತುವಿನ ಎರಡು ಅಳತೆ. ಡಿಡಿಯು ಲೆಕ್ಕದ ಒಂದು ಎಫ್‌ಇಯು ಲೆಕ್ಕದಲ್ಲಿ ಸುಮಾರು ಎರಡಾಗುತ್ತದೆ. ಒಬ್ಬ ಜೋಳವನ್ನು ಸೇರಿನಲ್ಲಿ ಅಳೆದ, ಇನ್ನೊಬ್ಬ ಅದೇ ಚೀಲವನ್ನು ಅಚ್ಚೇರಿನಲ್ಲಿ ಅಳೆದ, ಅಷ್ಟೇ. ಜೋಳ ಒಂದು ಕಾಳೂ ಹೆಚ್ಚಿರಲಿಲ್ಲ. ಹುಡುಗನ ದುಪ್ಪಟ್ಟು ಅಲ್ಲಿಗೆ ಮುಗಿಯಿತು.

ಇನ್ನು ಆ ಕೆಂಪು ಬಣ್ಣ. ಎಫ್‌ಇಯು ಲೆಕ್ಕದಲ್ಲಿ ಮಿಲಿಲೀಟರಿಗೆ 500 ನ್ಯಾನೋಗ್ರಾಂ ದಾಟಿದರೆ ಯಂತ್ರ ಕೆಂಪು ಮಾಡುತ್ತದೆ, ಎದುರಿಗೆ ಇರುವವರು ಇಪ್ಪತ್ತರ ಹುಡುಗನೋ ಎಪ್ಪತ್ತರ ಅಜ್ಜನೋ ಅದಕ್ಕೆ ಗೊತ್ತಿಲ್ಲ. ವಯಸ್ಸಾದಂತೆ ಈ ಅಂಕಿ ತಾನಾಗಿಯೇ ಏರುತ್ತದೆ. ಅದಕ್ಕೇ ಹೆಪ್ಪಿನ ಶಂಕೆ ಕಡಿಮೆ ಇರುವ ರೋಗಿಯಲ್ಲಿ, 50 ದಾಟಿದವರಿಗೆ ವಯಸ್ಸನ್ನು ಹತ್ತರಿಂದ ಗುಣಿಸಿ ಮಿತಿ ಹಾಕುವ ಪದ್ಧತಿ ವೈದ್ಯರಲ್ಲಿದೆ. ಅವ್ವನಿಗೆ ಆ ಮಿತಿ 680. ಇರುವುದು 620. ನಾನು ವೈದ್ಯನಲ್ಲ, ರಕ್ತ ತೆಗೆಯುವವನು. ಆದ್ದರಿಂದ ಇಷ್ಟು ಹೇಳಿ, ಎರಡೂ ಕಾಗದವನ್ನು ನಿಮ್ಮ ವೈದ್ಯರ ಮುಂದಿಡಿ ಎಂದು ಕಳಿಸಿದೆ.

ಈಗ ನಾನು ಹೇಳಲು ಕುಳಿತ ಮಾತು. ಮನೆಯಲ್ಲೇ ಓಡಾಡಿಕೊಂಡಿರುವ, ಊಟ ಮಾಡುತ್ತಿರುವ, ಉಸಿರಾಟ ಸರಿಯಿರುವ ಜ್ವರದ ರೋಗಿ ತಾನಾಗಿ ಲ್ಯಾಬಿಗೆ ಬಂದು ಡಿ-ಡೈಮರ್ ಮಾಡಿಸಬಾರದು. ನಮ್ಮಂಥ ಲ್ಯಾಬಿನವರು ಅದನ್ನು ಜ್ವರದ ಪ್ಯಾಕೇಜಿನಲ್ಲಿ ತುರುಕಿ ಮಾರಲೂಬಾರದು. ಇದು ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಳ್ಳುವ ಮಾತು, ಗೊತ್ತಿದೆ.

ಆ ಪರೀಕ್ಷೆ ನಿಜಕ್ಕೂ ಏನನ್ನು ಅಳೆಯುತ್ತದೆ? ನಮ್ಮ ಕಡೆ ಕೌದಿ ಹೊಲಿಯುವ ಮನೆಗಳನ್ನು ನೋಡಿದ್ದೀರಲ್ಲ. ಹೊಲಿಗೆ ಹಾಕಿ ಬಿಚ್ಚಿದ ಮೇಲೆ ನೆಲದಲ್ಲಿ ದಾರದ ತುಂಡು ಬಿದ್ದಿರುತ್ತದೆ. ರಕ್ತದಲ್ಲಿ ಫೈಬ್ರಿನ್ ಎಂಬ ದಾರ ಹೆಪ್ಪನ್ನು ಹೊಲಿಯುತ್ತದೆ, ಪ್ಲಾಸ್ಮಿನ್ ಎಂಬುದು ಆ ಹೊಲಿಗೆಯನ್ನು ಬಿಚ್ಚುತ್ತದೆ. ಬಿಚ್ಚಿದಾಗ ಉದುರಿದ ಜೋಡಿ ತುಂಡೇ ಡಿ-ಡೈಮರ್. ನೆಲದಲ್ಲಿ ದಾರ ಬಿದ್ದಿದ್ದರೆ ಈ ಮನೆಯಲ್ಲಿ ಹೊಲಿಗೆ ನಡೆದಿದೆ ಎಂದು ಹೇಳಬಹುದು. ಯಾವ ಕೌದಿ, ಯಾವ ಮೂಲೆ, ಎಷ್ಟು ದೊಡ್ಡದು? ದಾರ ಹೇಳುವುದಿಲ್ಲ. ಜ್ವರ, ಗರ್ಭ, ಶಸ್ತ್ರಚಿಕಿತ್ಸೆ, ಕ್ಯಾನ್ಸರ್, ಯಕೃತ್ತಿನ ಕಾಯಿಲೆ, ಬರೀ ಮುಪ್ಪು, ಇವೆಲ್ಲ ಆ ತುಂಡುಗಳನ್ನು ಹೆಚ್ಚಿಸುತ್ತವೆ. ನೆಲ ಸ್ವಚ್ಛವಾಗಿದ್ದರೆ ಮಾತ್ರ ಈ ಪರೀಕ್ಷೆಯ ಮಾತಿಗೆ ತೂಕ: ಶಂಕೆಯೂ ಕಡಿಮೆ, ಅಂಕಿಯೂ ಕಡಿಮೆ ಎಂದಾದರೆ ಹೆಪ್ಪು ಇಲ್ಲವೆಂದು ಬಹುಮಟ್ಟಿಗೆ ನಂಬಬಹುದು. ಹೆಪ್ಪನ್ನು ಕಣ್ಣಿಗೆ ತೋರಿಸುವುದು ಕಾಲಿನ ಡಾಪ್ಲರ್ ಸ್ಕ್ಯಾನ್, ಎದೆಯ ಸಿಟಿ ಆಂಜಿಯೋ.

ಹಾಗಾದರೆ ಕೊರೊನಾಕ್ಕೂ ಇದಕ್ಕೂ ನಂಟೇ ಇಲ್ಲವೇ? ಇದೆ, ಗಟ್ಟಿಯಾದ ನಂಟು. 2020ರ ಫೆಬ್ರುವರಿಯಲ್ಲಿ ವುಹಾನ್‌ನ ವೈದ್ಯರು 183 ರೋಗಿಗಳ ಲೆಕ್ಕ ಪ್ರಕಟಿಸಿದರು. ಅವರಲ್ಲಿ 21 ಜನ ತೀರಿಕೊಂಡಿದ್ದರು, ಆ 21ರಲ್ಲಿ 15 ಜನರ ರಕ್ತದಲ್ಲಿ ಹೆಪ್ಪುಗಟ್ಟುವ ವ್ಯವಸ್ಥೆಯೇ ದಿಕ್ಕೆಟ್ಟಿತ್ತು. ಬದುಕಿದವರಲ್ಲಿ ಹಾಗಾದದ್ದು ಒಬ್ಬರಿಗೆ. ವೈರಾಣು ರಕ್ತನಾಳದ ಒಳಪದರವನ್ನು ಕೆಣಕುತ್ತದೆ, ಶ್ವಾಸಕೋಶದ ಕೂದಲಿನಂಥ ನಾಳಗಳಲ್ಲಿ ಸಣ್ಣ ಸಣ್ಣ ಹೆಪ್ಪುಗಳಾಗುತ್ತವೆ. ವಿಚಿತ್ರವೆಂದರೆ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವ ಪಿಟಿ, ಎಪಿಟಿಟಿ ಎಂಬ ಹಳೆಯ ಪರೀಕ್ಷೆಗಳು ಇಂಥ ರೋಗಿಯಲ್ಲಿ ಬಹಳ ಸಲ ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತವೆ. ಆಸ್ಪತ್ರೆಯ ಹಾಸಿಗೆಯಲ್ಲಿ ಆಮ್ಲಜನಕ ಹಚ್ಚಿಕೊಂಡವರಿಗೆ ಡಿ-ಡೈಮರ್, ಪ್ಲೇಟ್‌ಲೆಟ್, ಫೈಬ್ರಿನೋಜನ್ ನೋಡುತ್ತಲೇ ಇರಬೇಕು, ಹೊಟ್ಟೆಗೆ ಹೆಪ್ಪು ತಡೆಯುವ ಹೆಪಾರಿನ್ ಚುಚ್ಚಲೂಬೇಕು. 2021ರ ಆಗಸ್ಟಿನಲ್ಲಿ ಬಂದ ದೊಡ್ಡ ಪ್ರಯೋಗಗಳ ಫಲಿತಾಂಶದಲ್ಲಿ ಪೂರ್ಣ ಪ್ರಮಾಣದ ಹೆಪಾರಿನ್ ವಾರ್ಡಿನ ರೋಗಿಗಳಿಗೆ ನೆರವಾಯಿತು, ಐಸಿಯುನಲ್ಲಿದ್ದವರಿಗೆ ಆಗಲಿಲ್ಲ. ಮನೆಯಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗಕ್ಕೆ 657 ಜನ ಸೇರಿದ್ದರು. ಆಸ್ಪಿರಿನ್, ಹೆಪ್ಪು ತಡೆಯುವ ಅಪಿಕ್ಸಬಾನ್, ಹುಸಿ ಮಾತ್ರೆ, ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೆಪ್ಪಿನ ಘಟನೆಗಳೇ ಅಷ್ಟು ವಿರಳ ಎಂದು ಅದನ್ನು ಅರ್ಧಕ್ಕೇ ನಿಲ್ಲಿಸಿದರು.

ಈ ಮಾತನ್ನು ಇಷ್ಟು ಕಟುವಾಗಿ ಆಡಲು ಮನೆಯ ಕಾರಣವೂ ಇದೆ. ನನ್ನ ಸೋದರಮಾವ ಅಣ್ಣಿಗೇರಿಯವರು. 2021ರ ಮೇ ತಿಂಗಳಲ್ಲಿ ಕೊರೊನಾ ಬಂದು, ಮನೆಯಲ್ಲೇ ಗುಣವಾದರು. ಆಗ ಅವರಿಗೆ 72. ಡಿ-ಡೈಮರ್ 740 ಬಂತು. ಯಾರೋ ರಕ್ತ ತೆಳುವಾಗುವ ಮಾತ್ರೆ ಬರೆದುಕೊಟ್ಟರು, ಎಷ್ಟು ದಿನ ಎಂದು ಬರೆಯಲಿಲ್ಲ. ಮಾಮ ಶಿಸ್ತಿನ ಮನುಷ್ಯ. ತಿಂಗಳಿಗೊಮ್ಮೆ ಪರೀಕ್ಷೆ, ಪ್ರತಿ ಸಲ ಕೆಂಪು ಅಂಕಿ, ಅದೇ ಚೀಟಿ ತೋರಿಸಿ ಔಷಧದಂಗಡಿಯಿಂದ ಮತ್ತೊಂದು ಪಟ್ಟಿ. ಹೀಗೆ ನಾಲ್ಕು ತಿಂಗಳು. ಮೊದಲು ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ, ಆಮೇಲೆ ಮಲ ಡಾಂಬರಿನಂತೆ ಕಪ್ಪಾಯಿತು. ಅದನ್ನು ಯಾರಿಗೂ ಹೇಳಲಿಲ್ಲ, ಹೇಳಲು ನಾಚಿಕೆ. ಹೊಲದ ಬದುವಿನಲ್ಲಿ ತಲೆ ಸುತ್ತಿ ಬಿದ್ದಾಗ ಹಿಮೋಗ್ಲೋಬಿನ್ 6ಕ್ಕೆ ಇಳಿದಿತ್ತು. ಮೂರು ಬಾಟಲಿ ರಕ್ತ ಏರಿಸಿದರು, ಬದುಕಿಕೊಂಡರು.

ಆ ನಾಲ್ಕು ತಿಂಗಳೂ ಅವರ ತೋಳಿಗೆ ಪಟ್ಟಿ ಬಿಗಿದು ರಕ್ತ ತೆಗೆದವನು ನಾನೇ. “ಮಾಮಾ, ಮಾತ್ರೆ ಇನ್ನೂ ನುಂಗುತ್ತಿದ್ದೀರಾ?” ಎಂದು ಒಂದು ಸಲವೂ ಕೇಳಲಿಲ್ಲ.

ರಕ್ತ ತೆಗೆಯುವ ಮಾತು ಬಂದದ್ದಕ್ಕೆ ಇದನ್ನೂ ಸೇರಿಸುತ್ತೇನೆ. ಹೆಪ್ಪಿನ ಪರೀಕ್ಷೆಗೆ ನೀಲಿ ಮುಚ್ಚಳದ ಟ್ಯೂಬ್. ಒಳಗೆ ಮೊದಲೇ ಸಿಟ್ರೇಟ್ ದ್ರವ ಇರುತ್ತದೆ, ಅದರ ಒಂಬತ್ತು ಪಾಲು ರಕ್ತ ಬೀಳಬೇಕು, ಗೆರೆಯವರೆಗೆ, ಸರಿಯಾಗಿ. ಮುದುಕರ ನರ ಸಿಗದೆ ಅರ್ಧ ಟ್ಯೂಬಿಗೆ ನಿಲ್ಲಿಸಿದರೆ ದ್ರವ ಹೆಚ್ಚಾಗಿ ಪಿಟಿ, ಎಪಿಟಿಟಿ ಸುಳ್ಳೇ ಉದ್ದವಾಗುತ್ತವೆ. ಎಪಿಟಿಟಿಯನ್ನು ನಾಲ್ಕು ಗಂಟೆಯೊಳಗೆ ನೋಡಬೇಕು. ಮನೆಗೇ ಬಂದು ರಕ್ತ ಒಯ್ಯುವ ಹುಡುಗ ನವಲಗುಂದದಲ್ಲಿ ಬೆಳಗ್ಗೆ ಏಳಕ್ಕೆ ತೆಗೆದ ಟ್ಯೂಬನ್ನು ಊರೂರು ಸುತ್ತಿಸಿ ಮಧ್ಯಾಹ್ನ ಒಂದಕ್ಕೆ ಹುಬ್ಬಳ್ಳಿಗೆ ತಂದರೆ ಆ ಅಂಕಿಗೆ ಏನು ಬೆಲೆ? ನಿಮ್ಮ ಟ್ಯೂಬ್ ಗೆರೆ ಮುಟ್ಟಿದೆಯೇ ಎಂದು ನೀವೇ ನೋಡಿ. ಮುಟ್ಟದಿದ್ದರೆ ಜಗಳ ಮಾಡಿ.

ನಮ್ಮವರಿಗೆ ಡೆಂಗಿಯ ಕಾಲದಿಂದ ಒಂದು ಚಟ ಅಂಟಿದೆ. ಆಗ ಪ್ಲೇಟ್‌ಲೆಟ್ ಎಷ್ಟು ಎಂದು ಬಸ್ಸಿನಲ್ಲಿ ಪಕ್ಕದವರು ಕೇಳುತ್ತಿದ್ದರು, ಪಪ್ಪಾಯಿ ಎಲೆಗೆ ಬೇಡಿಕೆ ಬಂದಿತ್ತು. 2025ರ ಜುಲೈಯಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಹಬ್ಬಿದಾಗ ಮೂವತ್ತರ ಹುಡುಗರು ನನ್ನ ಬಳಿ ಬಂದು “ಹಾರ್ಟಿನ ಡಿ-ಡೈಮರ್ ಮಾಡಿ” ಎಂದರು. ಹೃದಯಾಘಾತಕ್ಕೆ ಇಸಿಜಿ ಇದೆ, ಟ್ರೋಪೋನಿನ್ ಎಂಬ ರಕ್ತಪರೀಕ್ಷೆ ಇದೆ. ಇದು ಆ ಕೆಲಸಕ್ಕಲ್ಲ ಎಂದರೆ ನಂಬದೆ ಪಕ್ಕದ ಲ್ಯಾಬಿಗೆ ಹೋದರು.

ಭಯಪಡಬೇಕಾದ್ದು ಬೇರೆ ಇದೆ. ಜ್ವರ ಬಂದವರಿಗೆ ಒಂದೇ ಕಾಲು ಊದಿ ಮೀನಖಂಡ ನೋಯುವುದು, ನಾಲ್ಕು ಹೆಜ್ಜೆಗೆ ಏದುಸಿರು, ಉಸಿರೆಳೆದರೆ ಎದೆಯಲ್ಲಿ ಚುಚ್ಚಿದಂತಾಗುವುದು, ಆಕ್ಸಿಮೀಟರ್ 94ಕ್ಕಿಂತ ಕೆಳಗಿಳಿಯುವುದು. ಆಗ ನನ್ನ ಲ್ಯಾಬಿನ ಬೆಂಚಿನ ಮೇಲೆ ರಿಪೋರ್ಟಿಗೆ ಕಾಯುತ್ತ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಉಣಕಲ್ಲಿನ ಹಾಲಿನವರೊಬ್ಬರು ಊದಿದ ಕಾಲಿನಲ್ಲೇ ಡಿ-ಡೈಮರ್ ಮಾಡಿಸಲು ಬಂದಿದ್ದರು. ಅವರಿಂದ ಹಣ ತೆಗೆದುಕೊಳ್ಳದೆ ಆಟೋ ಹತ್ತಿಸಿದೆ. ಡಾಪ್ಲರಿನಲ್ಲಿ ಹೆಪ್ಪು ಸಿಕ್ಕಿತು, ಅಂದೇ ಚಿಕಿತ್ಸೆ ಶುರುವಾಯಿತು.

ಕುಂದಗೋಳದ ಹುಡುಗ ಸಂಜೆ ಫೋನ್ ಮಾಡಿದ. ವೈದ್ಯರು ಅವ್ವನ ಕಾಲು, ಎದೆ ನೋಡಿ ಕೆಮ್ಮಿಗಷ್ಟೇ ಔಷಧ ಕೊಟ್ಟರಂತೆ. ಹಿಂದಿನಿಂದ ಅವ್ವನ ದನಿ ಕೇಳುತ್ತಿತ್ತು: “ಎರಡು ಸಲ ರಕ್ತ ಕೊಟ್ಟಿದ್ದೇನೆ, ಒಂದು ಸಲದ್ದಾದರೂ ವಾಪಸು ಕೊಡಿಸು ಎಂದು ಹೇಳು ಅವನಿಗೆ.”